ಮೈಸೂರಿನಿಂದ ಮಾರಿಷಸ್‌ಗೆ: ‘ಟ್ಯಾಕ್ಸೇ ಇಲ್ಲದ’ ದ್ವೀಪಕ್ಕೆ ಹೊರಟ ಒಂದು ಸಂಸಾರದ ಪ್ರಕರಣ

2025ರ ಫೆಬ್ರವರಿ. ಬಜೆಟ್ ಬಂದು ಒಂದು ವಾರವಾಗಿತ್ತು. ಆದಾಯ ತೆರಿಗೆಯ ಹೊಸ ಸ್ಲ್ಯಾಬ್ (ಆದಾಯದ ಹಂತಕ್ಕೆ ತಕ್ಕ ದರ) ಬಗ್ಗೆ ಕೇಳುವವರ ಫೋನು ನಿಂತಿರಲಿಲ್ಲ. ಸಂಜೆ ಏಳರ ಹೊತ್ತಿಗೆ ಅವನು ಸರಸ್ವತೀಪುರಂನ ನನ್ನ ಆಫೀಸಿಗೆ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರ್ ಇತ್ತು.

“ಅಕ್ಕ, ಜೂನ್ ಮುಗಿಯೋ ಹೊತ್ತಿಗೆ ನಾವು ಮಾರಿಷಸ್‌ಗೆ ಶಿಫ್ಟ್ ಆಗ್ತಿದ್ದೀವಿ. ಅಲ್ಲಿ ಟ್ಯಾಕ್ಸೇ ಇಲ್ಲ,” ಅಂದ.

ಅವನು ನಮ್ಮ ತಂದೆಯ ಸ್ನೇಹಿತರ ಮಗ. ಎಂಟು ವರ್ಷದಿಂದ ಅವನ ರಿಟರ್ನ್ ಫೈಲ್ ಮಾಡುತ್ತಿರುವುದು ನಾನೇ. ವಯಸ್ಸು 38. ಕಂಪನಿ ಕೆಲಸ ಬಿಟ್ಟು ಸ್ವಂತವಾಗಿ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಮಾಡುತ್ತಾನೆ. ಇಬ್ಬರು ಗ್ರಾಹಕರು, ಒಬ್ಬರು ಜರ್ಮನಿಯಲ್ಲಿ, ಇನ್ನೊಬ್ಬರು ಅಮೆರಿಕದಲ್ಲಿ. ವರ್ಷಕ್ಕೆ ಸುಮಾರು 60 ಲಕ್ಷ ರೂಪಾಯಿ ಬರುತ್ತದೆ. ಹೆಂಡತಿ ಶಾಲೆಯಲ್ಲಿ ಟೀಚರ್. ಏಳು ವರ್ಷದ ಮಗಳು. ಕುವೆಂಪುನಗರದಲ್ಲಿ ಸ್ವಂತ ಮನೆ, ಕೆಳಗೆ ಅವನ ತಾಯಿ, ಮೇಲೆ ಇವರು. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ, ಲೆಕ್ಕವನ್ನು ಬದಲಿಸಿಲ್ಲ.

ಬರೆಯುವ ಕಾರಣ ಇಷ್ಟೇ. ಈ ಎರಡು ವರ್ಷದಲ್ಲಿ ಇಂಥದ್ದೇ ಪ್ರಶ್ನೆ ಹಿಡಿದು ಬಂದವರು ಇವನೊಬ್ಬನೇ ಅಲ್ಲ. ಬಹಳ ಜನ ಒಂದೇ ಮಾತು ನಂಬಿಕೊಂಡು ಬರುತ್ತಾರೆ: ಆರು ತಿಂಗಳು ದೇಶದ ಹೊರಗಿದ್ದರೆ ಇಲ್ಲಿ ತೆರಿಗೆ ಇಲ್ಲ, ತೆರಿಗೆ ಇಲ್ಲದ ಜಾಗಕ್ಕೆ ಹೋದರೆ ಎಲ್ಲೂ ಇಲ್ಲ. ಹೀಗೆ ನಂಬಿ ಮನೆ ಖಾಲಿ ಮಾಡಿ, ಮಕ್ಕಳ ಶಾಲೆ ಬಿಡಿಸಿ ಹೊರಟವರಿಗೆ ಎರಡು ವರ್ಷದ ಮೇಲೆ ನೋಟಿಸ್ ಬರುತ್ತದೆ. ಅದನ್ನು ನೋಡುವುದು ನನಗೆ ಕಷ್ಟ.

ಫೋಲ್ಡರಿನಲ್ಲಿ ಇದ್ದದ್ದು ಒಂದು ಹಾಳೆ. ಅದನ್ನು ಕೊಟ್ಟಿದ್ದು ವಿದೇಶಕ್ಕೆ ಹೋಗಲು ಸಹಾಯ ಮಾಡುವ ಒಂದು ಏಜೆನ್ಸಿ. ಅದರಲ್ಲಿ ಎರಡೇ ಸಾಲು. ಭಾರತ: 60 ಲಕ್ಷಕ್ಕೆ ಶೇ. 30, ಅಂದರೆ 18 ಲಕ್ಷ. ಮಾರಿಷಸ್: ಸೊನ್ನೆ. ಉಳಿತಾಯ ವರ್ಷಕ್ಕೆ 18 ಲಕ್ಷ. ಏಜೆನ್ಸಿಯ ಫೀಸು 1,80,000. ಅದರಲ್ಲಿ 40,000 ಅವನು ಆಗಲೇ ಕಟ್ಟಿದ್ದ.

ಮೊದಲು ಆ 18 ಲಕ್ಷವನ್ನೇ ನೋಡೋಣ ಅಂದೆ.

“ಕಳೆದ ವರ್ಷ ನೀನು ಎಷ್ಟು ಕಟ್ಟಿದ್ದೆ, ನೆನಪಿದೆಯಾ?”

“ಸರಿಯಾಗಿ ನೆನಪಿಲ್ಲ ಅಕ್ಕ. ಆದರೆ ನಾನು 30 ಪರ್ಸೆಂಟ್ ಸ್ಲ್ಯಾಬಲ್ಲೇ ಅಲ್ವಾ ಇರೋದು?”

ಸ್ಲ್ಯಾಬ್ ಬೇರೆ, ಕಟ್ಟುವ ಹಣ ಬೇರೆ. ಓದಿದವರೂ ಇಲ್ಲಿ ಎಡವುತ್ತಾರೆ. ಸಾಫ್ಟ್‌ವೇರ್ ಕನ್ಸಲ್ಟೆಂಟ್‌ಗಳು, ಡಾಕ್ಟರು, ವಕೀಲರು, ಎಂಜಿನಿಯರುಗಳು ಹೀಗೆ ಕೆಲವು ವೃತ್ತಿಯವರಿಗೆ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿಎ ಅಂತ ಒಂದು ಅನುಕೂಲ ಇದೆ. ಬಂದ ಹಣದಲ್ಲಿ ಅರ್ಧವನ್ನು ಲಾಭ ಅಂತ ತೋರಿಸಿದರೆ ಸಾಕು. ಉಳಿದರ್ಧ ಖರ್ಚು ಅಂತ ಸರ್ಕಾರವೇ ಒಪ್ಪಿಕೊಳ್ಳುತ್ತದೆ. ಬಿಲ್ಲು, ರಸೀದಿ ಏನೂ ಕೇಳುವುದಿಲ್ಲ. ಮಿತಿ 50 ಲಕ್ಷ. ನಗದು ವ್ಯವಹಾರ ಶೇ. 5 ದಾಟದಿದ್ದರೆ 75 ಲಕ್ಷದವರೆಗೂ ನಡೆಯುತ್ತದೆ. ಇವನಿಗೆ ಬರುವುದೆಲ್ಲ ಬ್ಯಾಂಕಿಗೇ.

ಹಾಗಾಗಿ ಇವನ ತೆರಿಗೆಯ ಲೆಕ್ಕ ಶುರುವಾಗುವುದು 60 ಲಕ್ಷದಿಂದ ಅಲ್ಲ, 30 ಲಕ್ಷದಿಂದ. 2025–26ರ ಹೊಸ ಸ್ಲ್ಯಾಬಿನಲ್ಲಿ 4 ಲಕ್ಷದವರೆಗೆ ಏನೂ ಇಲ್ಲ, ಆಮೇಲೆ ಪ್ರತಿ 4 ಲಕ್ಷಕ್ಕೆ ಶೇ. 5, 10, 15, 20, 25 ಅಂತ ಏರುತ್ತದೆ. 24 ಲಕ್ಷದ ಮೇಲಿನದಕ್ಕೆ ಮಾತ್ರ ಶೇ. 30. ಕೂಡಿದರೆ 4,80,000. ಸೆಸ್ ಸೇರಿ 4,99,200. ಬಾಡಿಗೆ, ಬಡ್ಡಿಯ ಆದಾಯಕ್ಕೆ ಒಂದಷ್ಟು ಬೇರೆ ಇರುತ್ತದೆ. ಆದರೆ ದುಡಿಮೆಯ 60 ಲಕ್ಷಕ್ಕೆ ಅವನು ಕಟ್ಟುವುದು ಇಷ್ಟು. ಬಂದ ನೂರು ರೂಪಾಯಿಗೆ ಎಂಟು ರೂಪಾಯಿ ಚಿಲ್ಲರೆ.

ಅವನು ಕ್ಯಾಲ್ಕುಲೇಟರ್ ತೆಗೆದು ತಾನೇ ಇನ್ನೊಂದು ಸಲ ಹಾಕಿ ನೋಡಿದ. 18 ಲಕ್ಷದ ಉಳಿತಾಯ ಹತ್ತು ನಿಮಿಷದಲ್ಲಿ 5 ಲಕ್ಷಕ್ಕೆ ಇಳಿದಿತ್ತು.

“5 ಲಕ್ಷ ಆದ್ರೂ ಉಳಿಯುತ್ತಲ್ಲ ಅಕ್ಕ?”

ಪ್ರಕರಣ ನಿಜವಾಗಿ ಶುರುವಾಗುವುದು ಈ ಪ್ರಶ್ನೆಯಿಂದ.

ಮಾರಿಷಸ್ ನಿಜವಾಗಿ ಏನು ಹೇಳುತ್ತದೆ

ಮಾರಿಷಸ್ ಬಗ್ಗೆ ಅವನಿಗಿದ್ದ ಆಸೆ ಸುಳ್ಳಲ್ಲ. ಕೊಡಗು ಜಿಲ್ಲೆಯ ಅರ್ಧದಷ್ಟೂ ಇಲ್ಲದ ದ್ವೀಪ ಅದು. ಜನರಲ್ಲಿ ಮೂರರಲ್ಲಿ ಎರಡು ಪಾಲು ಭಾರತ ಮೂಲದವರು. 1834ರಿಂದ ಕಬ್ಬಿನ ಗದ್ದೆಗಳಿಗೆ ಕರಾರಿನ ಕೂಲಿಗಳಾಗಿ ಹೋದವರ ಮೊಮ್ಮಕ್ಕಳು, ಮರಿಮಕ್ಕಳು. ಅವರು ಹಡಗಿನಿಂದ ಇಳಿದ ಜಾಗ ರಾಜಧಾನಿ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್. 2006ರಿಂದ ಅದು ವಿಶ್ವ ಪರಂಪರೆಯ ತಾಣ. ಶಿವರಾತ್ರಿಗೂ ಯುಗಾದಿಗೂ ಅಲ್ಲಿ ಸರ್ಕಾರಿ ರಜೆ ಇದೆ. 2024ರ ಫೆಬ್ರವರಿಯಿಂದ ಯುಪಿಐ ಕೂಡ ನಡೆಯುತ್ತದೆ. ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಅಷ್ಟೇ. ಜರ್ಮನಿಯವರ ಜೊತೆ ಕೆಲಸ ಮಾಡುವವನಿಗೆ ಅದು ಇಲ್ಲಿಗಿಂತ ಅನುಕೂಲ.

ತೆರಿಗೆಯ ವಿಷಯದಲ್ಲೂ ಆ ದೇಶ ಉದಾರವೇ. ಷೇರು ಮಾರಿದ ಲಾಭಕ್ಕೆ ತೆರಿಗೆ ಇಲ್ಲ, ಪಿತ್ರಾರ್ಜಿತಕ್ಕೂ ಇಲ್ಲ. ದುಡಿಮೆಯ ಆದಾಯಕ್ಕೆ ಬಹಳ ವರ್ಷ ಎಲ್ಲರಿಗೂ ಶೇ. 15 ಇತ್ತು. 2023ರ ಜುಲೈಯಿಂದ ಆದಾಯ ಏರಿದ ಹಾಗೆ ಏರುವ ದರ ಬಂದಿದೆ, ಮೇಲಿನ ದರ ಶೇ. 20. ಅಂದರೆ ‘ಟ್ಯಾಕ್ಸೇ ಇಲ್ಲ’ ಅನ್ನುವುದು ತಪ್ಪು. ಕಡಿಮೆ ಇದೆ ಅನ್ನುವುದು ಸರಿ.

ಹಾಗಾದರೆ ಏಜೆನ್ಸಿಯ ಹಾಳೆಯಲ್ಲಿ ಸೊನ್ನೆ ಎಲ್ಲಿಂದ ಬಂತು? ಪ್ರೀಮಿಯಂ ವೀಸಾದಿಂದ. ಕೋವಿಡ್ ಕಾಲದಲ್ಲಿ, 2020ರ ನವೆಂಬರಿನಲ್ಲಿ ಮಾರಿಷಸ್ ಇದನ್ನು ಶುರು ಮಾಡಿತು. ಬೇರೆ ದೇಶದ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಮಾಡಿಕೊಂಡು ಒಂದು ವರ್ಷ ಅಲ್ಲಿ ಇರಬಹುದು, ಮತ್ತೆ ನವೀಕರಿಸಬಹುದು. ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು, ಸರ್ಕಾರ ಅದಕ್ಕೆ ಫೀಸು ತೆಗೆದುಕೊಳ್ಳುವುದಿಲ್ಲ. ತಿಂಗಳಿಗೆ ಕನಿಷ್ಠ 1,500 ಡಾಲರ್ ಆದಾಯ ತೋರಿಸಬೇಕು. ಇಂಥ ವೀಸಾದವರು ಅಲ್ಲಿಗೆ ತರದ ಹಣಕ್ಕೆ ಅಲ್ಲಿ ತೆರಿಗೆ ಇಲ್ಲ. ಹೊರದೇಶದ ಕಾರ್ಡು ಉಜ್ಜಿ ಖರ್ಚು ಮಾಡಿದರೆ ಅದನ್ನು ‘ತಂದ ಹಣ’ ಅಂತ ಎಣಿಸುವುದಿಲ್ಲ. ಅಲ್ಲಿನ ಬ್ಯಾಂಕಿಗೆ ಹಾಕಿದರೂ, ನನ್ನ ದೇಶದಲ್ಲಿ ಇದಕ್ಕೆ ತೆರಿಗೆ ಕಟ್ಟಿದ್ದೇನೆ ಅಂತ ಘೋಷಿಸಿದರೆ ಬಿಡುತ್ತಾರೆ.

ಕೊನೆಯ ವಾಕ್ಯವನ್ನು ಅವನ ಮುಂದೆ ಎರಡು ಸಲ ಓದಿದೆ. ಮಾರಿಷಸ್ ಇವನಿಗೆ ‘ನಿನಗೆ ತೆರಿಗೆ ಇಲ್ಲ’ ಅಂತ ಹೇಳಿಲ್ಲ. ‘ನಿನ್ನ ತೆರಿಗೆ ನಿನ್ನ ಊರಿನಲ್ಲಿ ಇರುತ್ತದೆ, ನಮಗೆ ಬೇಡ’ ಅಂತ ಹೇಳಿದೆ. ಏಜೆನ್ಸಿ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಮಾರಿತ್ತು.

ಎರಡು ಕಾಗದ, ಒಂದೇ ಮೇಜು

ಈಗ ಭಾರತದ ಕಡೆ. ‘ಆರು ತಿಂಗಳು’ ಅನ್ನುವ ಮಾತು ಹುಟ್ಟಿದ್ದು 182 ದಿನದ ನಿಯಮದಿಂದ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನೀವು ತೆರಿಗೆಯ ಲೆಕ್ಕದಲ್ಲಿ ನಿವಾಸಿ, ಅಂದರೆ ಹೊರಗಿನಿಂದ ಬರುವ ಆದಾಯಕ್ಕೂ ಇಲ್ಲಿ ತೆರಿಗೆ. ಅದು ನಿಜ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಸಾಲಿದೆ. ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಇಲ್ಲಿದ್ದವರಿಗೆ ಆ ವರ್ಷ 60 ದಿನ ಇದ್ದರೂ ಸಾಕು, ನಿವಾಸಿಯೇ. ಹೊರದೇಶಕ್ಕೆ ಉದ್ಯೋಗಕ್ಕಾಗಿ ಹೊರಡುವ ಭಾರತೀಯರಿಗೆ ಆ 60ನ್ನು 182 ಮಾಡಿ ರಿಯಾಯಿತಿ ಕೊಟ್ಟಿದ್ದಾರೆ. ದುಬೈ, ಕುವೈತ್‌ಗೆ ಕೆಲಸ ಸಿಕ್ಕಿ ಹೋಗುವವರನ್ನು ಕಾಯುವುದು ಅದೇ. ಇವನು ಹೊರಡುತ್ತಿರುವುದು ಉದ್ಯೋಗಕ್ಕೆ ಅಲ್ಲ. ಸ್ವಂತ ವೃತ್ತಿಗೆ ಹೊರದೇಶಕ್ಕೆ ಹೋಗುವುದೂ ಉದ್ಯೋಗವೇ ಅಂತ ವಾದಿಸಬಹುದು. ಆದರೆ ಅಲ್ಲಿ ದುಡಿಯುವುದಿಲ್ಲ ಅಂತಲೇ ಬರೆದುಕೊಟ್ಟು ವೀಸಾ ಪಡೆದವನು ಆ ವಾದ ಹೇಗೆ ಮಾಡಬೇಕು?

ಜೂನ್ ಕೊನೆಗೆ ಹೊರಟರೂ ಏಪ್ರಿಲ್, ಮೇ, ಜೂನ್ ಸೇರಿ 91 ದಿನ ಆಗಿಬಿಡುತ್ತದೆ. ಮೊದಲ ವರ್ಷ ಅಲ್ಲೇ ಮುಗಿಯಿತು.

“ಎರಡನೇ ವರ್ಷಕ್ಕೆ ಆದ್ರೂ?” ಅಂತ ಕೇಳಿದ.

2020ರಲ್ಲಿ ಬಂದ ಒಂದು ತಿದ್ದುಪಡಿ ನೆನಪಿಸಿದೆ. ಯಾವ ದೇಶದಲ್ಲೂ ನಿವಾಸಿಯಾಗದೆ, ಎಲ್ಲೂ ತೆರಿಗೆ ಕಟ್ಟದೆ ಓಡಾಡುವ ಶ್ರೀಮಂತರನ್ನು ಹಿಡಿಯಲು ತಂದದ್ದು. ಆ ಬಜೆಟ್ ದಿನ ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಗಾಬರಿ ಆಗಿತ್ತು. ಗಲ್ಫಿನಲ್ಲಿ ದುಡಿಯುವ ಗಂಡನ ಸಂಬಳಕ್ಕೂ ಇಲ್ಲಿ ತೆರಿಗೆಯಾ ಅಂತ. ಮರುದಿನವೇ ಇಲಾಖೆ, ಹಾಗೇನಿಲ್ಲ, ಪ್ರಾಮಾಣಿಕವಾಗಿ ಅಲ್ಲಿ ದುಡಿಯುವವರ ಸಂಬಳ ಮುಟ್ಟುವುದಿಲ್ಲ ಅಂತ ಸ್ಪಷ್ಟನೆ ಕೊಟ್ಟಿತು. ಆಮೇಲೆ ಕಾಯ್ದೆಯಲ್ಲೇ 15 ಲಕ್ಷದ ಮಿತಿ ಸೇರಿಸಿದರು. ಭಾರತದ ಪ್ರಜೆಯ ವಿದೇಶಿ ಮೂಲದ್ದಲ್ಲದ ಆದಾಯ 15 ಲಕ್ಷ ದಾಟಿದ್ದು, ಬೇರೆ ಯಾವ ದೇಶದಲ್ಲೂ ನಿವಾಸದ ಆಧಾರದ ಮೇಲೆ ತೆರಿಗೆಗೆ ಒಳಪಡದಿದ್ದರೆ, ಅವನು ಒಂದು ದಿನ ಇಲ್ಲಿಗೆ ಬರದಿದ್ದರೂ ನಿವಾಸಿ ಅಂತಲೇ ಲೆಕ್ಕ.

“ನನ್ನದು ವಿದೇಶಿ ಆದಾಯ ತಾನೇ ಅಕ್ಕ? ಜರ್ಮನಿಯವರು ಕೊಡೋದು.”

ಇಲ್ಲೇ ಎಲ್ಲ ಇರುವುದು. ಕಾಯ್ದೆ ಹಣ ಕೊಡುವವರು ಎಲ್ಲಿದ್ದಾರೆ ಅಂತ ಮಾತ್ರ ನೋಡುವುದಿಲ್ಲ. ಭಾರತದಲ್ಲಿ ನೆಲೆಗೊಳಿಸಿದ ವೃತ್ತಿಯಿಂದ ಬಂದ ಹಣ ಪ್ರಪಂಚದ ಯಾವ ಮೂಲೆಯಿಂದ ಬಂದರೂ ಈ ಲೆಕ್ಕದಲ್ಲಿ ಅದು ವಿದೇಶಿ ಮೂಲದ ಆದಾಯ ಅಲ್ಲ. ಇವನ ವೃತ್ತಿ ಎಲ್ಲಿ ನೆಲೆಗೊಂಡಿದೆ? ಜಿಎಸ್‌ಟಿ ನೋಂದಣಿ ಕುವೆಂಪುನಗರದ ವಿಳಾಸದಲ್ಲಿ. ರಫ್ತಿನ ಎಲ್‌ಯುಟಿ (ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಪ್ರತಿ ವರ್ಷ ನಾನೇ ಹಾಕಿಸುತ್ತೇನೆ. ಎರಡೂ ಕರಾರು ಪತ್ರದಲ್ಲಿ ಮೈಸೂರಿನ ವಿಳಾಸ. ಹಣ ಬಂದು ಬೀಳುವುದು ಮೈಸೂರಿನ ಕರೆಂಟ್ ಅಕೌಂಟಿಗೆ. ಇದೊಂದೇ ಸಾಕು ಇನ್ನೊಂದು ಬಾಗಿಲು ಮುಚ್ಚಲು. ಯಾಕೆಂದರೆ ಅನಿವಾಸಿಯೇ ಆದರೂ, ಆದಾಯ ಮೊದಲು ಭಾರತದಲ್ಲಿ ಕೈಸೇರಿದರೆ ಅದಕ್ಕೆ ಇಲ್ಲಿ ತೆರಿಗೆ ಇದೆ.

ಆಗ ನಾನು ಪ್ರೀಮಿಯಂ ವೀಸಾದ ಷರತ್ತುಗಳನ್ನು ಮುದ್ರಿಸಿ ಮೇಜಿನ ಮೇಲಿಟ್ಟೆ. ಅದರಲ್ಲಿ ಹೀಗಿದೆ: ಅರ್ಜಿದಾರರು ಮಾರಿಷಸ್‌ನ ಉದ್ಯೋಗ ಮಾರುಕಟ್ಟೆಗೆ ಇಳಿಯಬಾರದು. ಅವರ ವ್ಯವಹಾರದ ಮುಖ್ಯ ಜಾಗ, ಆದಾಯದ ಮೂಲ, ಎರಡೂ ಮಾರಿಷಸ್‌ನ ಹೊರಗಿರಬೇಕು. ಪಕ್ಕದಲ್ಲಿ ನಮ್ಮ ಕಾಯ್ದೆಯ ಪುಟ ಇಟ್ಟೆ.

“ಅಲ್ಲಿ ನೀನು, ನನ್ನ ವೃತ್ತಿ ಇಲ್ಲಿಲ್ಲ ಅಂತ ಸಹಿ ಹಾಕಬೇಕು. ಇಲ್ಲಿ ಬಂದು, ನನ್ನ ವೃತ್ತಿ ಇಲ್ಲಿಲ್ಲ ಅಂತ ಹೇಳಬೇಕು. ಹಾಗಾದ್ರೆ ಅದು ಎಲ್ಲಿದೆ ಕಣೋ?”

ಅವನು ತುಂಬಾ ಹೊತ್ತು ಎರಡೂ ಹಾಳೆ ನೋಡುತ್ತಾ ಕೂತ. ಅವನು ಮೋಸ ಮಾಡುವವನಲ್ಲ. ಎಂಟು ವರ್ಷದಲ್ಲಿ ಒಂದು ರೂಪಾಯಿ ಬಚ್ಚಿಡು ಅಂತ ನನ್ನನ್ನು ಕೇಳಿದವನಲ್ಲ. ಯಾರೋ ಬರೆದುಕೊಟ್ಟ ಹಾಳೆಯನ್ನು ನಂಬಿದ್ದ, ಅಷ್ಟೇ. ಆ ವೀಸಾಕ್ಕೆ ಅವನು ಕೊಡುವ ಘೋಷಣೆಯೇ ನಾಳೆ ಇಲ್ಲಿ ಅವನ ವಿರುದ್ಧ ಸಾಕ್ಷಿ ಆಗುತ್ತಿತ್ತು.

ಪೂರ್ತಿ ಹೋಗಿಬಿಟ್ಟರೆ?

ಮರುವಾರ ಹೆಂಡತಿಯನ್ನೂ ಕರೆದುಕೊಂಡು ಬಂದ. ಅವಳು ಒಂದು ನೋಟ್‌ಬುಕ್ ತಂದಿದ್ದಳು. ಮೊದಲ ಪ್ರಶ್ನೆ ಅವಳದೇ.

“ಅಕ್ಕ, ಅರ್ಧಂಬರ್ಧ ಬೇಡ. ಕಾಯ್ದೆ ಪ್ರಕಾರ ಪೂರ್ತಿ ಶಿಫ್ಟ್ ಆದರೆ ಏನಾಗುತ್ತೆ? ಅದನ್ನೂ ಲೆಕ್ಕ ಹಾಕಿ.”

ಸರಿಯಾದ ಪ್ರಶ್ನೆ. ದಾರಿ ಇದೆ. ಮಾರಿಷಸ್‌ನಲ್ಲಿ ಸ್ವಂತ ವೃತ್ತಿಯವರಿಗೆ ಅಂತಲೇ ಬೇರೆ ಪರ್ಮಿಟ್ ಇದೆ. ಅದಕ್ಕೆ ಅಲ್ಲಿ ಬ್ಯಾಂಕಿಗೆ ಬಂಡವಾಳ ತರಬೇಕು, ವೃತ್ತಿಯನ್ನು ಅಲ್ಲೇ ನೋಂದಾಯಿಸಬೇಕು. ಗ್ರಾಹಕರ ಜೊತೆ ಹೊಸ ಕರಾರು ಅಲ್ಲಿನ ವಿಳಾಸದಿಂದ ಆಗಬೇಕು. ಹಣ ಅಲ್ಲಿಗೇ ಬೀಳಬೇಕು. ಇಲ್ಲಿ ಜಿಎಸ್‌ಟಿ ಮುಚ್ಚಬೇಕು. ಸೇವಿಂಗ್ಸ್ ಅಕೌಂಟನ್ನು ಅನಿವಾಸಿಗಳ ಖಾತೆಯಾದ ಎನ್‌ಆರ್‌ಒ ಮಾಡಿಸಬೇಕು. ಮನೆಯ ಮೇಲ್ಭಾಗ ಬಾಡಿಗೆಗೆ ಕೊಟ್ಟರೆ ಬಾಡಿಗೆದಾರರು ಶೇ. 30ಕ್ಕಿಂತ ಹೆಚ್ಚು ಟಿಡಿಎಸ್ (ಬಾಡಿಗೆ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿದು ಕಟ್ಟಬೇಕು. ಎಷ್ಟು ಜನ ಬಾಡಿಗೆದಾರರು ಅದಕ್ಕೆ ಒಪ್ಪುತ್ತಾರೆ ಹೇಳಿ. ಕೊನೆಗೆ ಅಲ್ಲಿನ ತೆರಿಗೆ ಇಲಾಖೆಯಿಂದ ನಿವಾಸ ಪ್ರಮಾಣಪತ್ರ ತರಬೇಕು. ಅದಿಲ್ಲದೆ ಎರಡು ದೇಶದ ನಡುವಿನ ತೆರಿಗೆ ಒಪ್ಪಂದದ ರಕ್ಷಣೆ ಸಿಗುವುದಿಲ್ಲ.

ಇಷ್ಟೂ ಮಾಡಿದ ಮೇಲೆ ಅವನು ಅಲ್ಲಿನ ಸಾಮಾನ್ಯ ತೆರಿಗೆದಾರ. ಒಂದು ಮಾರಿಷಸ್ ರೂಪಾಯಿ ನಮ್ಮ ಎರಡು ರೂಪಾಯಿಗೆ ಸ್ವಲ್ಪ ಕಡಿಮೆ. 60 ಲಕ್ಷ ಅಂದರೆ ಅಲ್ಲಿನ 32 ಲಕ್ಷ. ಅಲ್ಲಿ 44ಎಡಿಎ ತರಹ ಕಣ್ಣು ಮುಚ್ಚಿ ಅರ್ಧ ಬಿಡುವ ಪದ್ಧತಿ ಇವನಿಗೆ ಸಿಗುವುದಿಲ್ಲ, ನಿಜವಾದ ಖರ್ಚನ್ನು ಮಾತ್ರ ಕಳೆಯಬಹುದು. ಲ್ಯಾಪ್‌ಟಾಪ್, ಇಂಟರ್ನೆಟ್ ಬಿಟ್ಟರೆ ಇವನಿಗೆ ಹೇಳಿಕೊಳ್ಳುವ ಖರ್ಚಿಲ್ಲ. ಖರ್ಚು ಕಳೆಯುವ ಮೊದಲು ನೋಡಿದರೆ ಅಲ್ಲಿನ ತೆರಿಗೆ ನಮ್ಮ ಹಣದಲ್ಲಿ 8 ಲಕ್ಷ ದಾಟುತ್ತದೆ.

ಇಲ್ಲಿ 5. ಅಲ್ಲಿ 8ಕ್ಕಿಂತ ಜಾಸ್ತಿ.

ಅವಳು ನೋಟ್‌ಬುಕ್ಕಿನಲ್ಲಿ ಎರಡೂ ಅಂಕಿ ಬರೆದು ಕೆಳಗೆ ಗೆರೆ ಎಳೆದಳು. ಇವರ ಅಳತೆಯ ಸಂಪಾದನೆಗೆ ಭಾರತ ದುಬಾರಿ ದೇಶ ಅಲ್ಲ. ಇದನ್ನು ಕೇಳಿದರೆ ಜನ ಮುಖ ನೋಡುತ್ತಾರೆ, ಆದರೆ ಲೆಕ್ಕ ಹಾಗೇ ಇದೆ.

ಎಲ್ಲರಿಗೂ ಹಾಗಲ್ಲ. ವರ್ಷಕ್ಕೆ ಒಂದೂವರೆ ಕೋಟಿ ಬರುವ ಕನ್ಸಲ್ಟೆಂಟ್‌ಗೆ 44ಎಡಿಎ ಸಿಗುವುದಿಲ್ಲ. ಶೇ. 30, ಅದರ ಮೇಲೆ ಸರ್‌ಚಾರ್ಜ್, ಸೆಸ್. ಅವರಿಗೆ ಶೇ. 20ರ ದೇಶ ನಿಜಕ್ಕೂ ಕಡಿಮೆ. ಷೇರಿನ ಲಾಭಕ್ಕೆ ತೆರಿಗೆ ಇಲ್ಲ ಅನ್ನುವುದೂ ಕೆಲವರಿಗೆ ದೊಡ್ಡ ವಿಷಯ. ಆದರೆ ಅದರಲ್ಲೂ ಒಂದು ಮಾತು ತಿಳಿದಿರಬೇಕು. 2016ರಲ್ಲಿ ಭಾರತ–ಮಾರಿಷಸ್ ಒಪ್ಪಂದ ತಿದ್ದಿದ ಮೇಲೆ, 2017ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಭಾರತೀಯ ಕಂಪನಿಗಳ ಷೇರಿನ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಭಾರತದ್ದೇ. ಅದಕ್ಕೂ ಮುಂಚಿನ ಕಾಲದ ಕಥೆಗಳನ್ನು ಕೇಳಿಕೊಂಡು ಇವತ್ತು ಹೊರಡಬಾರದು.

ಅನುಕೂಲದ ನಿಯಮಗಳು ಅಲ್ಲಲ್ಲೇ ನಿಲ್ಲುವುದೂ ಇಲ್ಲ. ಥಾಯ್ಲೆಂಡ್ ನೋಡಿ. ಹೊರಗೆ ದುಡಿದ ಹಣವನ್ನು ಆ ವರ್ಷ ತರದೆ ಮುಂದಿನ ವರ್ಷ ತಂದರೆ ತೆರಿಗೆ ಇಲ್ಲ ಅಂತ ಬಹಳ ಕಾಲ ನಡೆದಿತ್ತು. ಅದನ್ನೇ ನಂಬಿ ಎಷ್ಟೋ ಜನ ಅಲ್ಲಿ ಸಂಸಾರ ಹೂಡಿದ್ದರು. 2024ರ ಜನವರಿ 1ರಿಂದ, 180 ದಿನ ಇರುವವರು ಯಾವ ವರ್ಷ ತಂದರೂ ತೆರಿಗೆಗೆ ಸೇರುತ್ತದೆ ಅಂತಾಯಿತು. ಮಗುವಿನ ಶಾಲೆಯನ್ನು ಇಂಥ ಒಂದು ನಿಯಮದ ಮೇಲೆ ನಿಲ್ಲಿಸಬೇಡಿ ಅಂತ ನಾನು ಯಾರಿಗಾದರೂ ಹೇಳುತ್ತೇನೆ.

ಹೋಗಿ ನೋಡಿ ಬಂದದ್ದು

ಲೆಕ್ಕ ಮುಗಿದ ಮೇಲೆ ಅವರು ಬಿಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. ಏಜೆನ್ಸಿಗೆ ಕಟ್ಟಿದ 40,000 ವಾಪಸ್ ಬರಲಿಲ್ಲ. ಆದರೆ ಏಪ್ರಿಲ್ ರಜೆಯಲ್ಲಿ ಮೂವರೂ ಮೂರು ವಾರ ಮಾರಿಷಸ್‌ಗೆ ಹೋಗಿ ಬಂದರು, ಪ್ರವಾಸಿಗಳಾಗಿ.

ಬಂದವರ ಮುಖವೇ ಬೇರೆ ಇತ್ತು. ಮಗಳು ಸಮುದ್ರದ ಬಗ್ಗೆ ಮಾತು ನಿಲ್ಲಿಸಲಿಲ್ಲ. ಅವಳಿಗೆ ಅಲ್ಲಿನ ದಾಲ್ ಪುರಿ ಬಹಳ ಇಷ್ಟವಾಗಿತ್ತು. ನಮ್ಮ ಬೇಳೆ ಒಬ್ಬಟ್ಟಿಗೆ ಬೆಲ್ಲ ಹಾಕದೆ, ಖಾರದ ಪಲ್ಯ, ಚಟ್ನಿ ಹಚ್ಚಿ ಸುತ್ತಿ ಕೊಟ್ಟ ಹಾಗೆ. ಬಿಹಾರದ ಕಡೆಯಿಂದ ಹೋದವರು ಉಳಿಸಿಕೊಂಡ ತಿಂಡಿ ಅದು, ಈಗ ಇಡೀ ದೇಶದ್ದು. ಪಶ್ಚಿಮ ಕರಾವಳಿಯ ಫ್ಲಿಕ್ ಆನ್ ಫ್ಲಾಕ್ ಅನ್ನುವ ಊರು ಇವರಿಗೆ ಹಿಡಿಸಿತ್ತು. ಎರಡು ರೂಮಿನ ಮನೆಗೆ ತಿಂಗಳಿಗೆ 35,000 ಕೇಳಿದ್ದರು, ಅಲ್ಲಿನ ರೂಪಾಯಿ. ನಮ್ಮದರಲ್ಲಿ 65,000 ಆಸುಪಾಸು. ವರ್ಷಕ್ಕೆ ಹೆಚ್ಚುಕಡಿಮೆ 7.8 ಲಕ್ಷ. ಬಾಡಿಗೆಯೊಂದೇ ಇವನ ಇಡೀ ವರ್ಷದ ತೆರಿಗೆಗಿಂತ ಜಾಸ್ತಿ. ತರಕಾರಿ, ಹಣ್ಣು ಬಿಟ್ಟರೆ ತಿನ್ನುವ ಬಹುಪಾಲು ಸಾಮಾನು ಹಡಗಿನಲ್ಲಿ ಬರುತ್ತದೆ, ಬೆಲೆಯೂ ಹಾಗೇ ಇರುತ್ತದೆ. ಖಾಸಗಿ ಶಾಲೆಯ ಫೀಸು ಬೇರೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತ ಬಂದಾಗ ಪೋರ್ಟ್ ಲೂಯಿಯ ರಸ್ತೆಗಳಲ್ಲಿ ಕಾರುಗಳು ತೇಲಿದ್ದನ್ನು ಮನೆ ಮಾಲೀಕರೇ ಹೇಳಿದರಂತೆ. ಮುಚ್ಚಿಡದೆ ಹೇಳಿದ್ದಕ್ಕೆ ಅವರ ಮೇಲೆ ಇವರಿಗೆ ನಂಬಿಕೆ ಬಂತು.

ಅವಳು ಒಂದು ಮಾತು ಹೇಳಿದಳು. “ಅಕ್ಕ, ಟ್ಯಾಕ್ಸ್ ಉಳಿಸೋಕೆ ಅಂತ ಹೋಗೋದು ಬೇಡ. ಆದರೆ ಒಂದು ವರ್ಷ ಸಮುದ್ರದ ಪಕ್ಕ ಇರಬೇಕು ಅಂತ ನನಗೆ ನಿಜವಾಗಲೂ ಆಸೆ ಇದೆ. ಮಗಳಿಗೆ ಫ್ರೆಂಚ್ ಕಿವಿಗೆ ಬೀಳುತ್ತೆ. ಉಳಿತಾಯದ ಹಣ ಖರ್ಚಾದರೂ ಪರವಾಗಿಲ್ಲ. ಹಾಗೆ ಹೋಗೋಕೆ ಏನು ಮಾಡಬೇಕು ಹೇಳಿ.”

ನನಗೆ ಬಹಳ ಸಮಾಧಾನ ಆಯಿತು. ಆಸೆಯ ಲೆಕ್ಕ ಆಸೆಗೆ, ತೆರಿಗೆಯ ಲೆಕ್ಕ ತೆರಿಗೆಗೆ. ಎರಡನ್ನೂ ಬೇರೆ ಮಾಡಿದ ಕೂಡಲೇ ಕೆಲಸ ಸುಲಭವಾಯಿತು.

ಹೋದ ರೀತಿ

ಅದೇ ಪ್ರೀಮಿಯಂ ವೀಸಾಕ್ಕೆ ಅವರೇ ಆನ್‌ಲೈನಿನಲ್ಲಿ ಅರ್ಜಿ ಹಾಕಿದರು. ವೃತ್ತಿಯ ಮುಖ್ಯ ಜಾಗ ಎಲ್ಲಿ ಅನ್ನುವ ಕಡೆ ಮೈಸೂರು ಅಂತ ಬರೆದ. ಇಲ್ಲಿ ಏನನ್ನೂ ಮುಚ್ಚಲಿಲ್ಲ. ಜಿಎಸ್‌ಟಿ ಹಾಗೇ, ಅಕೌಂಟು ಹಾಗೇ, 44ಎಡಿಎ ಹಾಗೇ. ಒಂದು ವರ್ಷ ಅಂತ ಗೊತ್ತು ಮಾಡಿಕೊಂಡು, ವೃತ್ತಿಯನ್ನು ಇಲ್ಲೇ ಇಟ್ಟು ಹೋಗುತ್ತಿರುವುದರಿಂದ ವಿದೇಶಿ ವಿನಿಮಯದ ಕಾಯ್ದೆಯಲ್ಲೂ ಅವನನ್ನು ನಿವಾಸಿ ಅಂತಲೇ ನಡೆಸಿಕೊಂಡೆವು. ಅಕೌಂಟ್ ಬದಲಿಸುವ ಗೋಜು ಬರಲಿಲ್ಲ.

2025ರ ಜುಲೈ 4ಕ್ಕೆ ಮುಂಬೈ ಮೇಲೆ ಹೊರಟರು. ಏಪ್ರಿಲ್ ಪ್ರವಾಸದ ಮೂರು ವಾರ ಕಳೆದರೆ ಅಲ್ಲಿಗೆ ಆ ವರ್ಷದ ಇಲ್ಲಿನ ದಿನ ಸುಮಾರು 74. ದೀಪಾವಳಿಗೆ 18 ದಿನ ಬಂದು ಹೋದರು. ಒಟ್ಟು ಸುಮಾರು 92. ನಿವಾಸಿ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಅತ್ತ ಮಾರಿಷಸ್‌ನ ತೆರಿಗೆ ವರ್ಷ ಜುಲೈಯಿಂದ ಜೂನ್. ಅಲ್ಲಿ 183 ದಿನ ದಾಟುವುದರಿಂದ ಅವರ ಲೆಕ್ಕದಲ್ಲೂ ಇವನು ನಿವಾಸಿ ಆಗುತ್ತಾನೆ. ಎರಡೂ ದೇಶ ನಮ್ಮವನು ಅಂದರೆ ಒಪ್ಪಂದದಲ್ಲಿ ಅದಕ್ಕೆ ಉತ್ತರ ಇದೆ. ಕಾಯಂ ಮನೆ ಎಲ್ಲಿದೆ, ಸಂಸಾರದ, ಹಣಕಾಸಿನ ನಂಟು ಎಲ್ಲಿ ಜಾಸ್ತಿ ಅಂತ ಒಂದೊಂದಾಗಿ ನೋಡುತ್ತಾರೆ. ಕುವೆಂಪುನಗರದ ಸ್ವಂತ ಮನೆ, ಅದರಲ್ಲಿ ತಾಯಿ, ವೃತ್ತಿ, ಉಳಿತಾಯ ಎಲ್ಲ ಇಲ್ಲಿದೆ. ಮೇಲಿನ ಮನೆಯನ್ನು ಬಾಡಿಗೆಗೆ ಕೊಡಬೇಡ, ಬೀಗ ಹಾಕಿಡು ಅಂತ ನಾನು ಹೇಳಿದ್ದು ಈ ಕಾರಣಕ್ಕೂ ಹೌದು. ಅವನ ತಾಯಿಗೂ ಅದೇ ಬೇಕಿತ್ತು. “ಬಂದಾಗ ಇಳಿಯೋಕೆ ಮನೆ ಇರಬೇಕಲ್ಲಮ್ಮ,” ಅಂದರು. ನಂಜನಗೂಡಿನಲ್ಲಿರುವ ಅವನ ಅಕ್ಕ ವಾರಕ್ಕೊಮ್ಮೆ ಬಂದು ಹೋಗುತ್ತಾರೆ.

ಖರ್ಚಿಗೆ ಫಾರೆಕ್ಸ್ ಕಾರ್ಡ್, ಬಾಡಿಗೆಗೆ ಬ್ಯಾಂಕಿನ ಮೂಲಕ ಮಾಲೀಕರಿಗೆ ನೇರ ವರ್ಗಾವಣೆ. ಹೀಗೆ ಹೊರಗೆ ಕಳಿಸಿದ ಹಣ ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ ಬ್ಯಾಂಕು ಶೇ. 20 ಟಿಸಿಎಸ್ (ಹಣ ಕಳಿಸುವಾಗಲೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯಿತು. ಜನವರಿಯಲ್ಲಿ ಅದನ್ನು ನೋಡಿ ಅವನು ಗಾಬರಿಯಿಂದ ಫೋನ್ ಮಾಡಿದ. ಹಣ ಹೋದ ಹಾಗಲ್ಲ, ಕಟ್ಟಬೇಕಾದ ತೆರಿಗೆಯಲ್ಲಿ ಅದು ಕಳೆಯುತ್ತದೆ ಅಂತ ಹೇಳಿದೆ. ಅಲ್ಲಿ ಬ್ಯಾಂಕ್ ಖಾತೆ ತೆರೆಯಲೇ ಎಂದೂ ಕೇಳಿದ. ತೆರೆಯಬಹುದು, ಆದರೆ ಸೊನ್ನೆ ಬ್ಯಾಲೆನ್ಸ್ ಇದ್ದರೂ ಇಲ್ಲಿನ ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು. ಮರೆತರೆ ಕಪ್ಪುಹಣದ ಕಾಯ್ದೆಯ ಕೆಳಗೆ 10 ಲಕ್ಷ ದಂಡದ ಮಾತು ಬರುತ್ತದೆ. ಸಣ್ಣ ಮೊತ್ತಕ್ಕೆ ಈಚೆಗೆ ವಿನಾಯಿತಿ ಕೊಟ್ಟಿದ್ದಾರೆ, ಆದರೂ ತೋರಿಸುವುದನ್ನು ಬಿಡುವ ಹಾಗಿಲ್ಲ. ಬೇಡ ಬಿಡಿ ಅಂದ.

44ಎಡಿಎ ಇರುವವರಿಗೆ ಮುಂಗಡ ತೆರಿಗೆ ಒಂದೇ ಕಂತು, ಮಾರ್ಚ್ 15ರೊಳಗೆ. 2026ರಲ್ಲಿ ಅದು ಭಾನುವಾರ. ಅವನು ಶುಕ್ರವಾರವೇ ಟಿಸಿಎಸ್ ಕಳೆದು ಉಳಿದದ್ದನ್ನು ಕಟ್ಟಿ ಚಲನ್ ಕಳಿಸಿದ. ಜೊತೆಗೆ ಒಂದು ಫೋಟೋ. ಮಗಳು ಶಿವರಾತ್ರಿಗೆ ಅಲ್ಲಿನ ಪವಿತ್ರ ಕೆರೆ ಗಂಗಾ ತಲಾವ್‌ಗೆ ನಡೆದುಕೊಂಡು ಹೋದವರ ಗುಂಪಿನಲ್ಲಿ, ಬಿಳಿ ಬಟ್ಟೆ ಹಾಕಿಕೊಂಡು ನಿಂತಿದ್ದಾಳೆ.

ಫೋಟೋದ ಕೆಳಗೆ ಹೊಸ ಪ್ರಶ್ನೆ ಇತ್ತು. ಜರ್ಮನಿಯವರು ಕೆಲಸ ಹೆಚ್ಚು ಮಾಡುತ್ತಿದ್ದಾರಂತೆ. ಮುಂದಿನ ವರ್ಷ 75 ಲಕ್ಷ ದಾಟಬಹುದು. ಆಗ ಅರ್ಧ ಬಿಡುವ ಅನುಕೂಲ ಇರುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯೂ ಜಾರಿಗೆ ಬರುವುದಿತ್ತು. “ಹಾಗಾದರೆ ಅಲ್ಲಿನ ಪರ್ಮಿಟ್ ಲೆಕ್ಕ ಇನ್ನೊಂದು ಸಲ ನೋಡಬೇಕಾ ಅಕ್ಕ?”

ನೋಡಬೇಕು, ಈ ಸಲ ಉತ್ತರ ಬೇರೆ ಬಂದರೂ ಬರಬಹುದು ಅಂತ ಬರೆದೆ. ಊರಿಗೆ ಬಂದಾಗ ಎರಡೂ ಕರಾರು ಪತ್ರ, ಪಾಸ್‌ಪೋರ್ಟಿನ ಮೊಹರು ಬಿದ್ದ ಪುಟಗಳು, ಅವಳ ಆ ನೋಟ್‌ಬುಕ್, ಮೂರನ್ನೂ ತರಲು ಹೇಳಿದ್ದೇನೆ.